ನಕ್ಷೆಯಲ್ಲಿ ಎಲ್ಲ ಸರಿ ಇತ್ತು

ನಾನು ನಕ್ಷೆ ಹಾಕಿಕೊಟ್ಟ ಕೋಣೆಯಲ್ಲಿ ಮನುಷ್ಯರು ಕಾಲಿಡುವವರೆಗೆ ಯಾವ ತೊಂದರೆಯೂ ಇರುವುದಿಲ್ಲ. ಕಾಲಿಟ್ಟ ಮೇಲೆ ಏನಾದರೊಂದು ಆಗುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದರೂ ಆಗುವುದು ನಿಂತಿಲ್ಲ, ಆದಾಗಲೆಲ್ಲ ನಾನು ಬೆಚ್ಚಿಬೀಳುವುದೂ ನಿಂತಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಮಂಗಳೂರಿನಲ್ಲಿ ಒಳಾಂಗಣ ವಿನ್ಯಾಸದ ಕೋರ್ಸು ಮುಗಿಸಿ ಬಂದು, ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿಯ ಮಹಡಿಯಲ್ಲಿ ‘ಇಂಟೀರಿಯರ್ ಡಿಸೈನರ್’ ಎಂದು ಬೋರ್ಡು ಹಾಕಿ ಕೂತೆ. ಮೊದಲ ವಾರ ಮೆಟ್ಟಿಲು ಹತ್ತಿ ಬಂದವರೆಲ್ಲ ಯೂರಿಯಾ ಕೇಳಿದರು. ಎರಡನೆಯ ವಾರ ಒಬ್ಬರು ನನ್ನನ್ನೇ ಹುಡುಕಿಕೊಂಡು ಬಂದರು. ಬಿಳಿ ಪಂಚೆ, ಬಿಳಿ ಷರ್ಟು, ಕೈಯಲ್ಲಿ ಹೊಸ ಮೊಬೈಲ್. ಎತ್ತರದಲ್ಲಿ ಸ್ವಲ್ಪ ಕಡಿಮೆ, ಉಳಿದ ಎಲ್ಲದರಲ್ಲೂ ಸ್ವಲ್ಪ ಜಾಸ್ತಿ.

“ನೀವು ಎಂತ ಮಾಡೋದು ಇಲ್ಲಿ?”

“ಕೋಣೆಯೊಳಗೆ ಯಾವ್ಯಾವುದು ಎಲ್ಲೆಲ್ಲಿ ಇರಬೇಕು ಅಂತ ಹೇಳ್ತೀನಿ ಸಾರ್.”

“ಅದನ್ನ ನಮ್ಮನೇಲಿ ನನ್ನ ಹೆಂಡ್ತಿ ಹೇಳ್ತಾಳೆ ಮಾರಾಯ್ರೆ. ಅವಳು ಬೋರ್ಡು ಹಾಕಿಲ್ಲ, ಅಷ್ಟೆ.”

ಅವರು ಶೃಂಗೇರಿಯಲ್ಲಿ ಹೊಸ ಲಾಡ್ಜ್ ಕಟ್ಟಿಸಿದ ಯಜಮಾನರು. ಕಟ್ಟಡ ಮುಗಿದಿತ್ತು, ಒಳಗೆ ಬೋಳು. ಆ ಬೀದಿಯಲ್ಲಿ ಹಳೆಯ ಲಾಡ್ಜುಗಳು ಸಾಲಾಗಿ ನಿಂತಿದ್ದವು. ಯಾತ್ರೆಗೆ ಬಂದವರು ಅವನ್ನೆಲ್ಲ ದಾಟಿ ತಮ್ಮಲ್ಲಿಗೆ ಬರಬೇಕು, ಅದಕ್ಕೆ ಕೋಣೆಗಳು ಎಲ್ಲೂ ಇಲ್ಲದ ಹಾಗಿರಬೇಕು ಎನ್ನುವುದು ಅವರ ಆಸೆ. ಆ ಕೆಲಸ ಸಿಕ್ಕಿದರೆ ನನ್ನ ಬೋರ್ಡು ಉಳಿಯುತ್ತಿತ್ತು. ಸಿಗದಿದ್ದರೆ ಅಣ್ಣನ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು ಅಳೆಯಲು ಜಾಗ ಖಾಲಿ ಇತ್ತು. ಅಣ್ಣ ಅದನ್ನು ದಿನಾ ಊಟಕ್ಕೆ ಕೂತಾಗ ಹೇಳುತ್ತಿದ್ದ.

“ಕೊಡ್ಲಿಕ್ಕೆ ಅಡ್ಡಿ ಇಲ್ಲ. ಮೊದಲು ಬೇರೆಯವರದ್ದು ಮಾಡಿ ತೋರಿಸಿ. ನಾನು ನೋಡ್ತೀನಿ,” ಎಂದರು ಯಜಮಾನರು. ಅಂದರೆ ಬೇರೆಯವರದ್ದು ಹಾಳಾದರೆ ತಮ್ಮದು ಉಳಿಯುತ್ತದೆ ಎಂದು. ನನಗೆ ಆಗ ಹಾಗೆ ಅನ್ನಿಸಲಿಲ್ಲ.

ಏಳದ ಗಿರಾಕಿ

ಮೊದಲು ಸಿಕ್ಕಿದ್ದು ಕೊಪ್ಪದ ಒಂದು ಹೋಟೆಲು. ಅಲ್ಲಿ ಉದ್ದನೆಯ ಮರದ ಬೆಂಚುಗಳಿದ್ದವು. ಒರಗಲು ಬೆನ್ನಿಲ್ಲ, ಅಗಲ ಒಂದು ಗೇಣು, ಒಂದು ತುದಿಯವನು ಎದ್ದರೆ ಇನ್ನೊಂದು ತುದಿಯವನು ಸಾಂಬಾರಿನ ಬಟ್ಟಲು ಹಿಡಿದುಕೊಳ್ಳಬೇಕು. ಮನುಷ್ಯ ಕೂರುವುದಕ್ಕೆ ಅಲ್ಲವೇ ಅಲ್ಲ ಎಂದು ನಾನು ತೀರ್ಮಾನಿಸಿದೆ. ಬೆಂಚು ತೆಗೆಸಿ, ಎತ್ತರದ ಬೆನ್ನಿರುವ, ಮೆತ್ತೆ ಹಾಕಿದ ಸೀಟುಗಳನ್ನು ಎದುರುಬದುರಾಗಿ ಮಾಡಿಸಿದೆ. ಕೆಲಸ ಮಾಡಿದ್ದು ಶೆಟ್ಟಿಕೊಪ್ಪದ ಬಡಗಿ ಆಚಾರ್ರು. ಅವರು ನಕ್ಷೆಯಲ್ಲಿ ಏನಿದೆಯೋ ಅದನ್ನು ಮಾಡುವವರು. ನಕ್ಷೆಯಲ್ಲಿ ಅಂದಕ್ಕೆಂದು ಸೀಟಿನ ಮೇಲೊಂದು ಬೆಕ್ಕು ಬರೆದಿದ್ದೆ. “ಬೆಕ್ಕು ಹಲಸಿನ ಮರದ್ದಾ, ತೇಗದ್ದಾ?” ಎಂದು ಕೇಳಿದರು.

ಸೀಟು ಚೆನ್ನಾಗಿ ಬಂತು. ಜನ ಬಂದರು, ಕೂತರು, ತಿಂದರು. ಆಮೇಲೆ ಏಳಲಿಲ್ಲ.

ನಾನು ಹೋಗಿ ನೋಡಿದಾಗ ಮಧ್ಯಾಹ್ನ. ತಾಲ್ಲೂಕು ಆಫೀಸಿಗೆ ಬಂದವರು, ಬಸ್ಸಿಗೆ ಕಾಯುವವರು, ಮಳೆ ನಿಲ್ಲಲಿ ಎಂದು ಒಳಗೆ ಬಂದವರು, ಎಲ್ಲರೂ ಒಂದೊಂದು ಚಾ ಕುಡಿದು ಒರಗಿದ್ದರು. ದೋಸೆಗೆ ಬಂದವರು ಬಾಗಿಲಲ್ಲಿ ಕೊಡೆ ಹಿಡಿದುಕೊಂಡು ನಿಂತು, ಇವರು ಉಸಿರಾಡುವುದನ್ನು ನೋಡುತ್ತಿದ್ದರು. ಬಸರೀಕಟ್ಟೆ ಕಡೆಯವರೊಬ್ಬರು ಚಪ್ಪಲಿ ಬಿಟ್ಟು, ಕಾಲು ಮೇಲಿಟ್ಟು, ಮುಖಕ್ಕೆ ಟವೆಲು ಹಾಕಿಕೊಳ್ಳುತ್ತ ಸಪ್ಲಯರನಿಗೆ ಹೇಳಿದರು: “ಎರಡೂವರೆ ಬಸ್ಸಿಗೆ ಎಬ್ಬಿಸು ಮಾರಾಯ.”

ಸಪ್ಲಯರ್ ಎಬ್ಬಿಸಿದ. ಅವರು ಆ ಕಡೆ ಹೊರಳಿ, “ಇದು ಬೇಡ, ಮುಂದಿನ ಬಸ್ಸಿಗೆ ಹೋಗ್ತೀನಿ. ಫ್ಯಾನು ಒಂಚೂರು ಕಡಿಮೆ ಮಾಡು,” ಎಂದರು.

ಹೋಟೆಲಿನ ಮಾಲೀಕರು ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಮೆಲ್ಲಗೆ, ಮಲಗಿದವರಿಗೆ ತೊಂದರೆ ಆಗದ ಹಾಗೆ ಬೈದರು. “ಮೊದಲು ಬೆಂಚಿತ್ತು. ಮನುಷ್ಯ ತಿಂದವನೇ ಸೊಂಟ ಹಿಡ್ಕೊಂಡು ಏಳ್ತಿದ್ದ. ಹೋಟೆಲು ನಡೀತಿದ್ದಿದ್ದೇ ಅದರಿಂದ ಮಾರಾಯ್ರೆ!”

ಸರಿಯಾಗಿ ಆಗಲೇ ಶೃಂಗೇರಿಯ ಯಜಮಾನರು ಒಳಗೆ ಬಂದರು. ಅವರು ಒಂದೊಂದು ಸೀಟಿನ ಹತ್ತಿರವೂ ಹೋಗಿ ಬಗ್ಗಿ ನೋಡಿದರು. ಒಬ್ಬರ ಗೊರಕೆಯನ್ನು ಸ್ವಲ್ಪ ಹೊತ್ತು ನಿಂತು ಕೇಳಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು.

“ಇವರು ಹೋಟೆಲು ಮಾಡಿ ಅಂದ್ರೆ ನೀವು ಲಾಡ್ಜ್ ಮಾಡಿದ್ದೀರಿ. ಒಳ್ಳೇದೇ ಆಯ್ತು. ಇನ್ನೊಂದು ಮಾಡಿ, ನೋಡುವ.”

ಒಳಗಿನ ಮಾತು ಹೊರಗೆ ಕೇಳದ ಬಾಗಿಲು

ಇನ್ನೊಂದು ಸಿಕ್ಕಿದ್ದು ನರಸಿಂಹರಾಜಪುರದಲ್ಲಿ, ಡಾಕ್ಟರೊಬ್ಬರ ಕ್ಲಿನಿಕ್ಕು. ಡಾಕ್ಟರು ಆ ಊರಿಗೆ ಹೊಸಬರು, ಹಳೆಯ ಡಾಕ್ಟರಿಂದ ಕ್ಲಿನಿಕ್ ವಹಿಸಿಕೊಂಡವರು. ಅಲ್ಲಿ ಒಳಗಿನ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಇದ್ದದ್ದು ಒಂದು ಹೂವಿನ ಪರದೆ. ಒಳಗೆ ರೋಗಿ ತನ್ನ ಹೊಟ್ಟೆಯ ವಿಷಯ ಹೇಳಿದರೆ ಹೊರಗೆ ಕೂತ ಎಲ್ಲರಿಗೂ ಕೇಳುತ್ತಿತ್ತು. ನನಗೆ ಗಾಬರಿಯಾಯಿತು. ರೋಗಿಯ ಗುಟ್ಟು ಕಾಪಾಡುವುದು ವಿನ್ಯಾಸದ ಮೊದಲ ಧರ್ಮ ಎಂದು ಕೋರ್ಸಿನಲ್ಲಿ ಕಲಿತಿದ್ದೆ. ಪರದೆ ತೆಗೆಸಿ, ಒಳಗೆ ಕೂಗಿಕೊಂಡರೂ ಹೊರಗೆ ಕೇಳದ ದಪ್ಪ ಬಾಗಿಲು ಹಾಕಿಸಿದೆ.

ಹದಿನೈದು ದಿನ ಬಿಟ್ಟು ಡಾಕ್ಟರು ಫೋನು ಮಾಡಿದರು. “ಬಾಗಿಲು ಹಾಕಿದ ಮೇಲೆ ಯಾರಿಗೂ ಕಾಯಿಲೆ ಇಲ್ಲ ಕಣ್ರಿ.”

ಹೋಗಿ ನೋಡಿದೆ. ಮುತ್ತಿನಕೊಪ್ಪದ ಹಿರಿಯರೊಬ್ಬರು ಒಳಗೆ ಬಂದರು. ಏನು ತೊಂದರೆ ಎಂದರೆ, “ಎಂತ ಇಲ್ಲ,” ಎಂದರು. ಊಟ? “ಆಗ್ತದೆ.” ನಿದ್ದೆ? “ಬರ್ತದೆ.” ಮತ್ತೆ ಬಂದದ್ದು ಯಾಕೆ? “ಮನೇಲಿ ಹೋಗಿ ಬನ್ನಿ ಅಂದ್ರು.” ಡಾಕ್ಟರು ನನ್ನ ಮುಖ ನೋಡಿದರು.

ಆಗ ಆ ದಪ್ಪ ಬಾಗಿಲನ್ನು ಭುಜದಿಂದ ನೂಕಿಕೊಂಡು ಒಬ್ಬ ಅಜ್ಜಿ ಒಳಗೆ ಬಂದರು. ಅವರು ಈ ಹಿರಿಯರ ಮನೆಯವರಲ್ಲ, ಸರದಿಯಲ್ಲಿ ಮುಂದಿನವರೂ ಅಲ್ಲ, ದಿನಾ ಹೊರಗಿನ ಬೆಂಚಿನ ಮೇಲೆ ಕೂರುವವರು. “ಡಾಕ್ಟ್ರೇ, ಇವ ಎಂತ ಇಲ್ಲ ಅಂದ್ನಾ? ಇವನಿಗೆ ಶುಗರು. ಮೊನ್ನೆ ಮದುವೆ ಮನೇಲಿ ಹೋಳಿಗೆ ಮೇಲೆ ಹೋಳಿಗೆ ಹಾಕಿಸ್ಕೊಂಡಿದ್ದಾನೆ. ಬಡಿಸಿದ್ದು ನನ್ನ ಮಗಳು. ಕಾಲಿನ ಗಾಯ ತೋರಿಸಿದ್ನಾ? ತೋರಿಸೋ, ನಾಚಿಕೆ ಎಂತದ್ದು!”

ಹಿರಿಯರು ಪಂಚೆ ಸ್ವಲ್ಪ ಮೇಲೆತ್ತಿ ಗಾಯ ತೋರಿಸಿದರು.

ಆಮೇಲೆ ತಿಳಿಯಿತು. ಹಳೆಯ ಡಾಕ್ಟರ ಕಾಲದಿಂದಲೂ ರೋಗಿ ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುವ ಪದ್ಧತಿ ಅಲ್ಲಿರಲಿಲ್ಲ. ತನ್ನದನ್ನು ತಾನು ಹೇಳುವುದು ಮರ್ಯಾದೆಯಲ್ಲ. ಅವನು ಎಂತ ಇಲ್ಲ ಅನ್ನುವುದು, ಬೆಂಚಿನ ಮೇಲೆ ಕೂತವರು ಪರದೆಯ ಆಚೆಯಿಂದ ಉಳಿದದ್ದನ್ನು ಹೇಳುವುದು. ಹಾಗೆ ಊರಿನ ಆರೋಗ್ಯ ನಡೆಯುತ್ತಿತ್ತು. ನಾನು ಅದಕ್ಕೆ ಬಾಗಿಲು ಹಾಕಿದ್ದೆ.

“ಬಾಗಿಲು ಚಂದ ಇದೆ ಮಾಣಿ,” ಎಂದರು ಅಜ್ಜಿ ನನಗೆ. “ಆದ್ರೆ ಪ್ರತಿಯೊಬ್ಬರಿಗೂ ನಾನು ಎದ್ದು ಬರೋದು ಅಂದ್ರೆ ನನ್ನ ಮಂಡಿ ಕೇಳಬೇಕಲ್ಲ.”

ಡಾಕ್ಟರು ಆಚಾರ್ರನ್ನು ಕರೆಸಿ ಬಾಗಿಲಿನಲ್ಲಿ ಒಂದು ತೂತು ಕೊರೆಯಲು ಹೇಳಿದರು. ಆಚಾರ್ರಿಗೆ ತೂತು ಎಂದರೆ ಮನಸ್ಸಿಗೆ ಬರಲಿಲ್ಲ. ಚೌಕಟ್ಟು, ಸರಿಸುವ ಹಲಗೆ, ಮೊಣಕೈ ಊರಲು ಒಂದು ಪಟ್ಟಿ, ಎಲ್ಲ ಇಟ್ಟು ಬಸ್ಸಿನ ಟಿಕೆಟ್ ಕೌಂಟರಿನಂತೆ ಮಾಡಿದರು. ಅಜ್ಜಿ ಒಂದು ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದುಕೊಂಡರು.

ಮಾರನೆಯ ವಾರ ಲಾಡ್ಜಿನ ಯಜಮಾನರು ಕೆಲಸ ಪರೀಕ್ಷೆ ಮಾಡಲು ಬಂದರು. ಬಂದವರು ಹೇಗೂ ಬಂದೆನಲ್ಲ ಎಂದು ಮೊಣಕಾಲು ತೋರಿಸಲು ಒಳಗೆ ಕೂತರು. “ಸ್ವಲ್ಪ ನೋವು ಡಾಕ್ಟ್ರೇ, ಬೇರೆ ಎಂತ ಇಲ್ಲ.”

ಹಲಗೆ ಸರಕ್ಕನೆ ಸರಿಯಿತು. “ಸುಳ್ಳು ಡಾಕ್ಟ್ರೇ. ಇವರು ಶೃಂಗೇರೀಲಿ ಲಾಡ್ಜ್ ಕಟ್ಟಿಸಿ, ಬೆಳಗಿಂದ ಸಂಜೆ ತನಕ ಮೆಟ್ಲು ಹತ್ತೋದು, ಇಳಿಯೋದು. ನನ್ನ ತಂಗಿಮನೆ ಅಲ್ಲೇ. ಇವರ ಹೆಂಡ್ತಿ ಬೇಡ ಅಂತ ಬೈದ್ರೂ ಕೇಳೋದಿಲ್ವಂತೆ.”

ಯಜಮಾನರು ತುಂಬ ಹೊತ್ತು ಆ ಕಿಟಕಿಯನ್ನೇ ನೋಡಿದರು. ಹೊರಗೆ ಬಂದು ನನ್ನನ್ನು ದೂರಕ್ಕೆ, ರಸ್ತೆಯ ಆಚೆಗೆ ಕರೆದುಕೊಂಡು ಹೋದರು.

“ಅಂಥ ದಪ್ಪ ಬಾಗಿಲೇ ನಮಗೆ ಬೇಕಾದ್ದು. ಲಾಡ್ಜಿನ ಕೆಲಸ ನಿಮಗೇ ಕೊಟ್ಟೆ. ರೂಮಿನ ಬಾಗಿಲಿಗೆ ಮಾತ್ರ ಇಂಥ ಕಿಟಕಿ ಬೇಡ.”

ಯಜಮಾನರು ಕಾಣೆಯಾದದ್ದು

ಲಾಡ್ಜಿನಲ್ಲಿ ಮೊದಲು ಮಾಡಿದ್ದು ರಿಸೆಪ್ಷನ್ ಕೌಂಟರು. ನಕ್ಷೆಯಲ್ಲಿ ಕೌಂಟರಿನ ಹಿಂದೆ, ಅಳತೆ ತಿಳಿಯಲಿ ಎಂದು, ಒಬ್ಬ ಮನುಷ್ಯನನ್ನು ಬರೆಯುವುದು ಕ್ರಮ. ನಾನು ಬರೆದವನು ಕೋರ್ಸಿನ ಪುಸ್ತಕದವನು. ಎತ್ತರದ ಆಳು, ಅಗಲ ಭುಜ, ಯಾವ ದೇಶದವನೋ. ಅವನ ಎದೆಯ ಮಟ್ಟಕ್ಕೆ ಕರಿ ಕಲ್ಲಿನ ಕೌಂಟರು ಭವ್ಯವಾಗಿ ಎದ್ದಿತು.

ಮೊದಲ ದಿನ ಯಜಮಾನರು ಅದರ ಹಿಂದೆ ಹೋಗಿ ಕೂತರು. ಕೂತದ್ದೇ ಕಾಣೆಯಾದರು.

ಒಂದು ಜೀಪಿನಲ್ಲಿ ಬಂದ ಸಂಸಾರ ಒಳಗೆ ಬಂತು. “ಯಾರಿದ್ದೀರಿ?”

“ಬನ್ನಿ, ಬನ್ನಿ, ರೂಮಿದೆ,” ಎಂದಿತು ಕಲ್ಲು.

ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. “ಯಾರೂ ಇಲ್ಲ ಕಣೇ. ಟೇಪ್ ರೆಕಾರ್ಡರ್ ಇಟ್ಟಿದ್ದಾರೆ. ಪಕ್ಕದ ಲಾಡ್ಜಲ್ಲಿ ಕೇಳೋಣ ಬಾ,” ಎಂದು ಗಂಡಸು ಹೊರಟ. ಯಜಮಾನರು ಎದ್ದು ನಿಂತರು. ನಿಂತದ್ದರಿಂದ ವಿಶೇಷ ಬದಲಾವಣೆ ಆಗಲಿಲ್ಲ, ಬೋಳುತಲೆಯ ಮೇಲ್ಭಾಗ ಮಾತ್ರ ಕಲ್ಲಿನ ಮೇಲೆ ಉದಯವಾಯಿತು. ಅದನ್ನು ನೋಡಿ ಅವರ ಮಗು ಕಿರುಚಿಕೊಂಡಿತು. ಸಂಸಾರ ಓಡಿಯೇ ಹೋಯಿತು.

ಯಜಮಾನರು ಕೆಂಪಗಾಗಿ ನನ್ನನ್ನು ಕರೆದರು. ನಾನು ನಕ್ಷೆ ತೋರಿಸಿ, ಅದರಲ್ಲಿರುವ ಮನುಷ್ಯನಿಗೆ ಕೌಂಟರು ಸರಿಯಾಗಿಯೇ ಇದೆ ಎಂದು ಸಮಾಧಾನ ಹೇಳಿದೆ.

“ಹಾಗಾದ್ರೆ ಅವನನ್ನೇ ಕರ್ಕೊಂಡು ಬನ್ನಿ. ಅವನೇ ಕೂರ್ಲಿ!”

ಪಕ್ಕದಲ್ಲಿದ್ದ ಆಚಾರ್ರು ತಲೆಯಾಡಿಸಿ, “ಅವನನ್ನ ಮರದಲ್ಲಿ ಮಾಡಬಹುದು,” ಎಂದರು.

ಮೊಳೆ ಇಲ್ಲದ ಗೋಡೆ

ಇಷ್ಟಾದರೂ ಕೋಣೆಗಳ ಬಗ್ಗೆ ನನಗೆ ಧೈರ್ಯವಿತ್ತು. ಹಳೆಯ ಲಾಡ್ಜುಗಳ ಗೋಡೆಗಳನ್ನು ನಾನು ನೋಡಿದ್ದೆ: ಮೊಳೆ, ಗೂಟ, ಹಗ್ಗ, ಕ್ಯಾಲೆಂಡರು, ಮತ್ತೆ ಮೊಳೆ. ನಮ್ಮಲ್ಲಿ ಒಂದು ಮೊಳೆಯೂ ಇರಬಾರದು ಎಂದು ತೀರ್ಮಾನಿಸಿದೆ. ಕೆನೆಬಣ್ಣದ ನುಣುಪು ಗೋಡೆ, ಗಾಜಿನ ಕಿಟಕಿ, ಮೇಲೆ ಪ್ಲಾಸ್ಟರಿನ ಫಾಲ್ಸ್ ಸೀಲಿಂಗ್, ಅದರಲ್ಲಿ ಸಾಲಾಗಿ ಪುಟ್ಟ ಹ್ಯಾಲೊಜನ್ ದೀಪಗಳು, ನಡುವೆ ಇಳಿಬಿಟ್ಟ ಹಿತ್ತಾಳೆಯ ದೊಡ್ಡ ದೀಪ. ಯಜಮಾನರ ಹೆಂಡತಿ ಒಮ್ಮೆ ಬಂದು ನೋಡಿ, “ಟವೆಲು ಎಲ್ಲಿ ಹಾಕೋದು?” ಎಂದರು. ಅದು ಕಪಾಟಿನೊಳಗೆ ಮಡಚಿಡುವ ವಸ್ತು ಎಂದು ತಿಳಿಸಿದೆ. ಅವರು ಗಂಡನ ಮುಖ ನೋಡಿ ಮೇಲೇನೂ ಹೇಳದೆ ಹೊರಟುಹೋದರು. ಅದು ಒಳ್ಳೆಯ ಸೂಚನೆ ಎಂದುಕೊಂಡೆ.

ಮಳೆಗಾಲದ ನಟ್ಟನಡುವೆ ಲಾಡ್ಜ್ ಶುರುವಾಯಿತು. ಬರುವವರೇ ಕಡಿಮೆ. ಯಜಮಾನರ ಆಸೆಯೆಲ್ಲ ಈಗ ಒಬ್ಬ ಮನುಷ್ಯನ ಮೇಲಿತ್ತು. ದಾವಣಗೆರೆ ಕಡೆಯಿಂದ ಯಾತ್ರೆಯ ಬಸ್ಸುಗಳನ್ನು ತರುವ ಏಜೆಂಟರು ಅವರು. ವರ್ಷವಿಡೀ ಬಸ್ಸು, ಅಷ್ಟೂ ಜನರಿಗೆ ಇಳಿಯಲು ಒಂದೇ ಲಾಡ್ಜು. ಅವರು ಆರಿಸಿದ ಲಾಡ್ಜು ತುಂಬಿರುತ್ತದೆ, ಬಿಟ್ಟ ಲಾಡ್ಜಿನಲ್ಲಿ ನೊಣ. ಯಜಮಾನರು ಹೇಗೋ ಮಾಡಿ ಒಂದು ಬಸ್ಸನ್ನು ನಮ್ಮಲ್ಲಿ ಇಳಿಸಲು ಒಪ್ಪಿಸಿದ್ದರು. ಸಂಜೆ ತಾವೇ ಬಂದು ಕೋಣೆ ನೋಡಿ ಹೇಳುತ್ತೇನೆ ಎಂದಿದ್ದರು ಏಜೆಂಟರು.

ಬೆಳಿಗ್ಗೆ ಬಸ್ಸು ಬಂತು. ಜನ ಸ್ನಾನ ಮಾಡಿ, ಮಡಿಯುಟ್ಟು, ದೇವಸ್ಥಾನಕ್ಕೆ ಹೋದರು. ಹೋಗುವಾಗ ಮಳೆ, ಬರುವಾಗ ಮಳೆ. ಮಧ್ಯಾಹ್ನ ಅಷ್ಟೂ ಜನ ಅಡಿಯಿಂದ ಮುಡಿಯವರೆಗೆ ನೆನೆದು, ನೀರಿಳಿಸುತ್ತ ಮೆಟ್ಟಿಲು ಹತ್ತಿ ಕೋಣೆ ಸೇರಿಕೊಂಡರು. ಆಮೇಲೆ ಸದ್ದಿಲ್ಲ. ಸುಸ್ತಾಗಿ ಮಲಗಿದ್ದಾರೆ ಎಂದು ಯಜಮಾನರೂ ನಾನೂ ಕೆಳಗೆ ನೆಮ್ಮದಿಯಿಂದ ಕೂತೆವು.

ಸಂಜೆ ಏಜೆಂಟರು ಬಂದರು. ಆಜಾನುಬಾಹು. “ನಡೀರಿ, ರೂಮು ತೋರಸ್ರಿ.”

ಯಜಮಾನರು ಮುಂದೆ, ಏಜೆಂಟರು ನಡುವೆ, ನಾನು ಹಿಂದೆ. ಮೊದಲ ಮಹಡಿಯ ಮೊದಲ ಕೋಣೆಯ ಬಾಗಿಲು ತಟ್ಟಿದೆವು. ಬಾಗಿಲು ತೆರೆಯಿತು. ಕೋಣೆ ಕಾಣಲಿಲ್ಲ.

ಕಂಡದ್ದು ಬಟ್ಟೆ. ಯಾತ್ರೆಗೆ ಹೊರಟವರು ಹಗ್ಗವಿಲ್ಲದೆ ಮನೆ ಬಿಡುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಕಪಾಟಿನ ಹಿಡಿಯಿಂದ ಹಿತ್ತಾಳೆಯ ದೀಪಕ್ಕೆ, ದೀಪದಿಂದ ಕಿಟಕಿಯ ಪರದೆಯ ಸರಳಿಗೆ, ಅಲ್ಲಿಂದ ಟಿವಿಯ ಸ್ಟ್ಯಾಂಡಿಗೆ, ಮತ್ತೆ ದೀಪಕ್ಕೆ ನೈಲಾನ್ ಹಗ್ಗ ಓಡಾಡಿತ್ತು. ಅದರ ಮೇಲೆ ಸೀರೆ, ಪಂಚೆ, ಶಲ್ಯ, ಲಂಗ. ಒಂದು ಪುಟ್ಟ ಹ್ಯಾಲೊಜನ್ ದೀಪಕ್ಕೆ ಯಾರೋ ಬನಿಯನ್ ತೊಡಿಸಿದ್ದರು. ಇನ್ನೊಂದಕ್ಕೆ ಮಗುವಿನ ಟೋಪಿ. ಬಟ್ಟೆ ಮುಚ್ಚದ ದೀಪ ಒಂದೂ ಇರಲಿಲ್ಲ. ಒಳಗೆಲ್ಲ ಹಬೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಆ ಹಬೆಯ ಒಳಗಿನಿಂದ ಒಬ್ಬ ಅಜ್ಜಿಯ ದನಿ ಕೇಳಿಸಿತು: “ಬಾಗ್ಲ ಹಾಕ್ರೋ, ಬಿಸಿ ಹೋಗ್ತತಿ!”

ಯಜಮಾನರು ಎತ್ತರ ಕಡಿಮೆಯಾದ್ದರಿಂದ ಸೀರೆಗಳ ಅಡಿಯಿಂದ ಸಲೀಸಾಗಿ ಒಳಗೆ ಹೋದರು. ಏಜೆಂಟರು ಹಿಂದೆಯೇ ನುಗ್ಗಿದರು. ನುಗ್ಗಿದವರಿಗೆ ಒಂದು ಸೀರೆ ಮುಖಕ್ಕೆ, ಒಂದು ಪಂಚೆ ಕೊರಳಿಗೆ ಸುತ್ತಿಕೊಂಡು, ಅವರು ಎಳೆದಾಡಿದ್ದಕ್ಕೆ ಹಿತ್ತಾಳೆಯ ದೀಪ ತನ್ನ ಸುತ್ತಲಿನ ಪ್ಲಾಸ್ಟರಿನ ಸಮೇತ ಕೆಳಗಿಳಿದು ಮಂಚದ ಮೇಲೆ ಕೂತಿತು. ಬಿಳಿ ಪುಡಿ ಎಲ್ಲರ ಮೇಲೂ ಬಿತ್ತು.

ಯಜಮಾನರು ನನ್ನನ್ನು ನೋಡಿದ ನೋಟದಲ್ಲಿ ಲಾಡ್ಜೂ ಇತ್ತು, ನನ್ನ ಬೋರ್ಡೂ ಇತ್ತು, ಎರಡೂ ಮುಳುಗುತ್ತಿದ್ದವು.

ಏಜೆಂಟರು ಮುಖದ ಮೇಲಿನ ಸೀರೆಯನ್ನು ಬಿಡಿಸಿಕೊಂಡರು. ಎಸೆಯಲಿಲ್ಲ. ಅಂಚು ಹಿಡಿದು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ಕೆನ್ನೆಗೆ ಒತ್ತಿಕೊಂಡರು. ಪಂಚೆಯನ್ನೂ ಹಾಗೇ ಮಾಡಿದರು.

“ಅಜ್ಜಿ, ಇದನ್ನ ಎಷ್ಟೊತ್ತಿಗೆ ಹಾಕಿದ್ದು?”

“ಉಂಡಮ್ಯಾಲೆ ಹಾಕಿದ್ದು ತಮ್ಮಾ. ಆ ಸಣ್ಣ ದೀಪ ಅದಾವಲ್ಲ, ಒಲಿ ಇದ್ದಂಗ ಅದಾವ. ನಮ್ಮ ಹುಡುಗನ ಬನಿಯನ್ ಕಾಲು ತಾಸಿಗೆ ಗರಿಗರಿ ಆತು.”

ಏಜೆಂಟರು ಯಜಮಾನರ ಕಡೆ ತಿರುಗಿದರು. ಮುಖದ ಮೇಲೆ ಪ್ಲಾಸ್ಟರಿನ ಪುಡಿ, ಕಣ್ಣಲ್ಲಿ ನೀರು. “ಇಷ್ಟು ವರ್ಷ ಆತು ಬಸ್ಸು ತರಾಕತ್ತಿ. ಮಳೆಗಾಲದಾಗ ಶೃಂಗೇರಿಗೆ ಬಂದು ಒಣಗಿದ ಬಟ್ಟೆ ಉಟ್ಟು ವಾಪಸ್ ಹೋದ ಮನುಷ್ಯನ್ನ ನಾನು ನೋಡಿಲ್ರಿ. ಜನ ಬೈಯೋದೆಲ್ಲ ನನಗ. ಎಲ್ಲಾ ಬಸ್ಸೂ ಇನ್ಮೇಲೆ ಇಲ್ಲೇ!”

ಯಜಮಾನರು ಒಮ್ಮೆ ದೀಪಗಳ ಕಡೆ ನೋಡಿದರು. ಆಮೇಲೆ ಪುಡಿ ಕೊಡವಿಕೊಂಡು, ಗಂಭೀರವಾಗಿ ನನ್ನ ಕಡೆ ಕೈ ತೋರಿಸಿದರು. “ಎಲ್ಲ ಇವರದ್ದೇ ಪ್ಲಾನು. ಮಂಗಳೂರಲ್ಲಿ ಓದಿ ಬಂದವರು. ಬಟ್ಟೆ ಒಣಗ್ಬೇಕು ಅಂತಲೇ ಈ ದೀಪ ಹಾಕ್ಸಿದ್ದು.”

ನಾನು ವಿನಯದಿಂದ ತಲೆ ಬಗ್ಗಿಸಿದೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಏಜೆಂಟರು ನನ್ನ ಎರಡೂ ಕೈ ಹಿಡಿದುಕೊಂಡು ಕುಲುಕಿದರು. ಹೊರಡುವ ಮೊದಲು ಬಾಗಿಲಲ್ಲಿ ನಿಂತು, ಬಟ್ಟೆಗಳ ಕಾಡಿನೊಳಗೆ ಕತ್ತಲಲ್ಲಿ ತಮ್ಮ ಕನ್ನಡಕ ತಡಕಾಡುತ್ತಿದ್ದ ಅಜ್ಜಿಯನ್ನು ಒಮ್ಮೆ ನೋಡಿದರು.

“ಎಲ್ಲಾ ಭೇಷ್ ಮಾಡೀರಿ ಎಂಜಿನಿಯರ್ ಸಾಹೇಬ್ರ. ಒಂದೇ ಒಂದು ಮರ್ತೀರಿ. ಬಟ್ಟಿಗೆ ಇಷ್ಟು ದೀಪ ಹಾಕೀರಿ, ಹಂಗ ಮನುಷ್ಯಾರಿಗೂ ಒಂದು ದೀಪ ಹಾಕಿಸ್ರಿ.”